ವಿನೆಗರ್ ಡ್ರಮ್ ತೊಳದ್ರೂ ಬಿಳಿ ಪೊರೆ ಬರಾಕತ್ತೈತ್ರಿ, ಏನ್ ಮಾಡಬೇಕು?

ಪ್ರಶ್ನೆ, ವಿಜಯಪುರದಿಂದ:
20 ಲೀಟರಿನ ಪ್ಲಾಸ್ಟಿಕ್ ಡ್ರಮ್, ತಳಕ್ಕ ನಳ ಐತಿ. ದ್ರಾಕ್ಷಿ ವಿನೆಗರಿಗೆ ಬಳಸೂದು. ಮೊದಲನೇ ಸಲ ಚಲೋ ಬಂತು. ಎರಡನೇ ಸಲ ಹತ್ತು ದಿನದಾಗ ಮ್ಯಾಲೆ ಬಿಳಿ, ಸುಕ್ಕುಗಟ್ಟಿದ ಪೊರೆ, ಉಗುರುಬಣ್ಣದಂಥ ವಾಸನಿ. ನಡುವ ಸೋಪು ಹಚ್ಚಿ ತಂತಿಲೆ ತಿಕ್ಕಿ, ಮಾಳಗಿ ಮ್ಯಾಲೆ ಎರಡು ದಿನ ಬಿಸಿಲಿಗೆ ಇಟ್ಟಿದ್ದೆ. ಬೋರಿನ ಸವಳ ನೀರು, ಒಣಗಿದ್ರ ಒಳಗೆಲ್ಲ ಬೆಳ್ಳಗ ಆಗತೈತಿ. ಬ್ಲೀಚ್ ಹಾಕೂದಾದ್ರ ಎಷ್ಟು? ಕುದಿಯೂ ನೀರು ಸುರುವಿದ್ರ ಸಾಕಾಗೂದಿಲ್ಲೇನ್ರಿ?

ಜಮಖಂಡಿಯಿಂದ:
ನಳ ಬಿಚ್ಚಿದ್ರೇನ್ರಿ? ಮೊದಲ ಹುಡುಕೂ ಜಾಗ ಅದ. ಒಳಗಿನ ನಟ್ ಬಿಚ್ಚಿ ರಬ್ಬರ್ ವಾಷರ್ ಎಬ್ಬಿಸಿ ನೋಡ್ರಿ: ಅದರ ಹಿಂದ ಕಂದು ಬಣ್ಣದ ಲೋಳೆ ಉಂಗುರದಂಗ ಕೂತಿರತೈತಿ, ಕೆರೆದ್ರ ಉಗುರಿಗೆ ಮೆತ್ತತೈತಿ, ಹಳೇ ಗಸಿ ವಾಸನಿ ಬರತೈತಿ. ಬಿಸಿಲು ಅಲ್ಲಿಗೆ ಮುಟ್ಟೂದಿಲ್ಲ. ಬ್ಲೀಚೂ ಮ್ಯಾಲಿನ ಹೊಲಸಿನ ಜೋಡಿನ ತೀರಿಹೋಗತೈತಿ, ಲೋಳೆ ತಳಕ್ಕ ಇಳಿಯೂದಿಲ್ಲ. ಅದಕ್ಕ ಮೊದಲ ಹೊಲಸು ತೆಗೀಬೇಕು, ಆಮ್ಯಾಲೆ ಬ್ಲೀಚು.

ನಳದ ಭಾಗ, ವಾಷರ್, ಪೈಪು ಬೋಗುಣಿಯಾಗ ಬ್ಯಾರೆ ತೊಳೀರಿ. ನಳ ತಿರುಗಿ ಜೋಡಿಸಿ ಡ್ರಮ್ ತುಂಬಬೇಕು, ಇಲ್ಲಾಂದ್ರ ತೂತಿನಿಂದೆಲ್ಲ ಸೋರತೈತಿ. ಎರಡಕ್ಕೂ ಅದ ಅಳತಿ: 10 ಲೀಟರ್ ಬಿಸಿನೀರಿಗೆ 50 ಗ್ರಾಂ ವಾಷಿಂಗ್ ಸೋಡಾ, ಅಡಗಿ ಸೋಡಾ ಅಲ್ಲ. ನೀರು 50 ಡಿಗ್ರಿ ಆಜೂಬಾಜು, ಕೈಗೆ ರಬ್ಬರ್ ಗ್ಲೌಸ್, ಅರ್ಧ ತಾಸು ನೆನೀಲಿ. ತಿಕ್ಕಾಕ ಮೆತ್ತನ ಅರಿವಿ, ನಳದ ತೂತಿಗೆ ಕೂಸಿನ ಹಾಲಿನ ಬಾಟ್ಲಿ ತೊಳೆಯೂ ಬ್ರಷ್. ತಂತಿ ಇನ್ನ ಮುಟ್ಟಿಸಬ್ಯಾಡ್ರಿ. ಕೈಗೆ ಜಾರಿಕಿ ಹತ್ತೂದು ನಿಲ್ಲೂತನಕ ನೀರು ಹಾಕಿ ತೊಳೀರಿ.

ಸವಳ ನೀರಿಗೆ ವಾಷಿಂಗ್ ಸೋಡಾ ಬಿದ್ರ ಸುಣ್ಣ ಇನ್ನೂ ಜಾಸ್ತಿ ಕೂಡತೈತಿ. ಲೀಟರಿಗೆ 20 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಅರ್ಧ ತಾಸು ಬಿಟ್ರ ಆ ಪದರ ಬಿಡತೈತಿ. ಇಂಡಿ ನಿಂಬಿಹಣ್ಣು ಕೈಗೆ ಸಿಗತಾವಂತ ರಸ ಹಿಂಡಬ್ಯಾಡ್ರಿ. ರಸದಾಗ ಸಕ್ಕರಿ, ತಿರುಳು ಇರತಾವ, ಮತ್ತ ತೊಳೀಬೇಕಾಗತೈತಿ.

ಬೆಳಗಾವಿಯಿಂದ:
ಮೇಲಿನವರು ಹೇಳಿದ ಕ್ರಮ ಸರಿ. ಆದರೆ ಸಿಟ್ರಿಕ್ ಆಸಿಡ್ ಆದ ಮೇಲೆ ಡ್ರಮ್ಮನ್ನೂ ನಳವನ್ನೂ ಮೂರು ಸಲ ನೀರಿನಿಂದ ತೊಳೆಯದೆ ಬ್ಲೀಚ್ ಮುಟ್ಟಬೇಡಿ. ಸಿಟ್ರಿಕ್ ಆಗಲಿ ವಿನೆಗರ್ ಆಗಲಿ, ಹುಳಿ ಬ್ಲೀಚಿಗೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕೋಶಕ್ಕೆ ಅಪಾಯ.

ಬ್ಲೀಚ್ ಶೇ. 4ರ ಸೋಡಿಯಂ ಹೈಪೋಕ್ಲೋರೈಟ್ ದ್ರವ ಆದರೆ ಲೀಟರ್ ತಣ್ಣೀರಿಗೆ 5 ಮಿ.ಲೀ., ಅಂದರೆ 200 ಪಿಪಿಎಂ (ಹತ್ತು ಲಕ್ಷ ಪಾಲಿಗೆ 200 ಪಾಲು). ನಿಮ್ಮ ಡ್ರಮ್ ತುಂಬಲು 100 ಮಿ.ಲೀ. ಪರಿಮಳ ಹಾಕಿದ್ದು, ಶೌಚಾಲಯಕ್ಕೆ ಬರುವ ಗಟ್ಟಿ ದ್ರವ ಬೇಡ. 10 ನಿಮಿಷ ಬಿಡಿ, ನಡುವೆ ನಳ ತೆರೆದು ಒಂದು ಲೋಟ ಹರಿಸಿ, ಆಗಲೇ ನಳದ ಒಳಭಾಗಕ್ಕೂ ತಾಗುವುದು. ಆಮೇಲೆ ಕುದಿಸಿ ಆರಿಸಿದ ನೀರಿನಿಂದ ವಾಸನೆ ಹೋಗುವವರೆಗೆ ತೊಳೆಯಿರಿ. ಇಲ್ಲಿ ಹಸಿ ಬೋರಿನ ನೀರು ಹಾಕಿದರೆ ಹೊಸ ಸೂಕ್ಷ್ಮಜೀವಿಗಳನ್ನು ನೀವೇ ಒಳಗೆ ಬಿಟ್ಟಂತೆ. ಬ್ಲೀಚ್ ಕೊಳ್ಳುವಾಗ ತಯಾರಾದ ತಿಂಗಳು ನೋಡಿ. ನಮ್ಮ ಕಡೆಯ ಬೇಸಿಗೆಯಲ್ಲಿ ಅದರ ಶಕ್ತಿ ಬೇಗ ಇಳಿಯುತ್ತದೆ, ನೆರಳಲ್ಲಿಡಿ.

ಕುದಿಯುವ ನೀರಿಗೆ ಮೊದಲು ತಳದ ತ್ರಿಕೋನದೊಳಗಿನ ಅಂಕಿ ನೋಡಿ. 5 ಇದ್ದರೆ ಪಾಲಿಪ್ರೊಪಿಲೀನ್, ತಡೆಯುತ್ತದೆ. 2 ಇದ್ದರೆ ಮೆತ್ತಗಾಗಿ ನಳದ ತೂತು ಸೊಟ್ಟಗಾಗಬಹುದು, ಆಮೇಲೆ ವಾಷರ್ ಎಷ್ಟು ಬಿಗಿದರೂ ಸೋರುತ್ತದೆ. 1 ಇದ್ದರೆ ಕುಗ್ಗಿಯೇ ಹೋಗುತ್ತದೆ. ಸಿಲಿಕೋನ್ ಪೈಪನ್ನು 10 ನಿಮಿಷ ಕುದಿಸಬಹುದು. ಪಿವಿಸಿ ಪೈಪು ಒಳಗೆ ಕಲೆಗಟ್ಟಿದ್ದರೆ ಹೊಸದೇ ತನ್ನಿ.

ವಿಜಯಪುರದಿಂದ:
ವಾಷರಿನ ಹಿಂದ ಲೋಳೆ ಇತ್ರಿ. ಅಂಕಿ 2. ಒಳಗ ತಂತಿ ಗೀರು ಅದಾವ. ಬ್ಲೀಚ್ ಬದಲಿ ಸ್ಕ್ವಾಷಿಗೆ ಕೆಡದಂಗ ಹಾಕೂ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ನಡೀತೈತೇನ್ರಿ?

ಜಮಖಂಡಿಯಿಂದ:
ಉಗುರು ಆಡಿಸಿದಾಗ ಸಿಕ್ಕೊಳ್ಳೂವಂಥ ಗೀರಿದ್ರ ಆ ಡ್ರಮ್ಮಿನಾಗ ಜ್ವಾಳ ತುಂಬ್ರಿ, ವಿನೆಗರಿಗೆ ಬ್ಯಾರೆ ತರ್ರಿ. ಬರೇ ಮಬ್ಬಾಗಿದ್ರ ನಡೀತೈತಿ. ಕೆಎಂಎಸ್ ಲೀಟರಿಗೆ 10 ಗ್ರಾಂ, ಜೋಡಿ 10 ಗ್ರಾಂ ಸಿಟ್ರಿಕ್, ಹುಳಿ ಇಲ್ಲದ ಅದು ಸರಿ ಕೆಲಸ ಮಾಡೂದಿಲ್ಲ. ಗಂಧಕದ ಘಾಟು ಭಾಳ, ದಮ್ಮಿನ ತ್ರಾಸು ಇದ್ದವರು ದೂರ ಇರಬೇಕು. ಬ್ಲೀಚಿಗೆ ಇದನ್ನೂ ಕಲಸಬಾರದು. ವಿನೆಗರ್ ಮಾಡೂ ಬ್ಯಾಕ್ಟೀರಿಯಾನ ಸೈತ ಇದು ತಡೀತೈತಿ, ಹಂಗಾಗಿ ಚಂದಂಗ ತೊಳೀಬೇಕು. ನನಗ ಕೇಳಿದ್ರ ವಿನೆಗರ್ ಡ್ರಮ್ಮಿಗೆ ಬ್ಲೀಚ ಚಲೋ.

ಡ್ರಮ್ ಸ್ವಚ್ಛ ಆದ್ರೂ ಹುಳಿ ಕಡಿಮಿ ಇದ್ರ ಆ ಪೊರೆ ಬರಬಹುದು. ಸಕ್ಕರಿ ತೀರಿ ಹುದುಗಿದ ರಸ 4 ಪಾಲಿಗೆ ಮೊದಲನೇ ಸಲದ ಕಾಯಿಸದ ವಿನೆಗರ್ 1 ಪಾಲು ಹಾಕಿ ಚಾಲೂ ಮಾಡ್ರಿ. ನುಣ್ಣಗ, ದಪ್ಪ ಲೋಳೆಸರದಂಗ ಕೂತ್ರ ಅದು ವಿನೆಗರಿನ ತಾಯಿ, ಅಂದ್ರ ವಿನೆಗರ್ ಮಾಡೂ ಬ್ಯಾಕ್ಟೀರಿಯಾದ ಪದರ, ಅದನ್ನ ತಗದು ಚೆಲ್ಲಬ್ಯಾಡ್ರಿ. ಖಾಲಿ ಇಡೂವಾಗ ನಳ ತೆರೆದು, ಮುಚ್ಚಳ ಸಡಿಲ ಬಿಟ್ಟು ನೆರಳಾಗ ಒಣಗಿಸ್ರಿ. ಮಾಳಗಿ ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ ಸೀಳತೈತಿ.