ಪದಚರ್ಚೆ: ‘ಟಾಲರೇಶನ್’ ಎಂಬಲ್ಲಿ ‘ಸಹಿಷ್ಣುತೆ’ ಹೊಂದದಿದ್ದರೆ ಯಾವ ಪದ?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕ ಗಣರಾಜ್ಯ ಹುಟ್ಟಿದ ಕಾಲದ ಕೆಲವು ಪತ್ರಗಳನ್ನೂ ಕೈಬರಹದ ಕರಡುಗಳನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ಧರ್ಮ, ರಾಜಕಾರಣ, ಕಲೆಗಳ ಬಗ್ಗೆ ಆ ಕಾಲದವರು ಒಬ್ಬರಿಗೊಬ್ಬರು ಬರೆದುಕೊಂಡ ಮಾತುಗಳು ಅವು. ಹೆಚ್ಚಿನ ಪದಗಳಿಗೆ ದಾರಿ ಸಿಕ್ಕಿದೆ. ಒಂದು ಪದ ಮಾತ್ರ ಬಂದಲ್ಲೆಲ್ಲ ವಾಕ್ಯದ ಅರ್ಥವನ್ನು ಬುಡಮೇಲು ಮಾಡುತ್ತಿದೆ: ಟಾಲರೇಶನ್. ಇದಕ್ಕೆ ನಾವು ರೂಢಿಯಿಂದ ಬಳಸುವ ‘ಸಹಿಷ್ಣುತೆ’, ‘ಸಹನೆ’ ಎರಡೂ ಈ ಪತ್ರಗಳಲ್ಲಿ ಸಲ್ಲುವುದಿಲ್ಲ ಎಂದು ನನಗೆ ಅನ್ನಿಸಿದೆ. ಸಂದರ್ಭ ತಿಳಿಯದೆ ಯಾರೂ ಪದ ಸೂಚಿಸಲಾರರು, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

1790ರ ಆಗಸ್ಟ್‌ನಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ರೋಡ್ ಐಲೆಂಡ್‌ನ ನ್ಯೂಪೋರ್ಟ್ ಪಟ್ಟಣಕ್ಕೆ ಬಂದರು. ಹದಿಮೂರು ರಾಜ್ಯಗಳಲ್ಲಿ ಹೊಸ ಸಂವಿಧಾನವನ್ನು ಎಲ್ಲರಿಗಿಂತ ಕೊನೆಗೆ ಒಪ್ಪಿದ ರಾಜ್ಯ ಅದು. ಒಪ್ಪಿ ಇನ್ನೂ ಮೂರು ತಿಂಗಳೂ ತುಂಬಿರಲಿಲ್ಲ. ಊರಿನ ಯೆಹೂದಿ ಸಭೆಯ ಪರವಾಗಿ ಮೋಸೆಸ್ ಸೇಶಸ್ ಎಂಬವರು ಅಧ್ಯಕ್ಷರಿಗೆ ಸ್ವಾಗತಪತ್ರ ಬರೆದರು. ವಾಷಿಂಗ್ಟನ್ ಕೊಟ್ಟ ಉತ್ತರ ಇಂದಿಗೂ ಅಮೆರಿಕದ ಧಾರ್ಮಿಕ ಸ್ವಾತಂತ್ರ್ಯದ ಮೂಲಪತ್ರಗಳಲ್ಲಿ ಒಂದೆಂದು ಎಣಿಸಲ್ಪಡುತ್ತದೆ. ‘ಮತಾಂಧತೆಗೆ ಸಮ್ಮತಿಯಿಲ್ಲ, ಹಿಂಸೆಗೆ ನೆರವಿಲ್ಲ’ ಎಂಬ ಪ್ರಸಿದ್ಧ ಮಾತು ಅದರಲ್ಲಿದೆ. ಆ ಮಾತು ಮೊದಲು ಬಂದದ್ದು ಸೇಶಸ್ ಅವರ ಪತ್ರದಲ್ಲಿ; ಅಧ್ಯಕ್ಷರು ಅದನ್ನು ಎತ್ತಿಕೊಂಡು, ಅವರಿಗೇ ಭರವಸೆಯಾಗಿ ಹಿಂದಿರುಗಿಸಿದರು. ಎರಡು ಪತ್ರಗಳನ್ನೂ ಒಟ್ಟಿಗೆ ಅಚ್ಚು ಮಾಡದಿದ್ದರೆ ಸೇಶಸ್ ಅವರಿಗೆ ಅನ್ಯಾಯವಾಗುತ್ತದೆ ಎಂದು ನಾನು ನಂಬಿದ್ದೇನೆ.

ನನ್ನ ತೊಡಕು ಇರುವುದು ಅದಕ್ಕೆ ಸ್ವಲ್ಪ ಮೊದಲಿನ ವಾಕ್ಯದಲ್ಲಿ. ರೂಢಿಯ ಪದವನ್ನೇ ಹಾಕಿದರೆ ಅದು ಹೀಗಾಗುತ್ತದೆ: ‘ಒಂದು ವರ್ಗದ ಜನರ ಔದಾರ್ಯದಿಂದ ಇನ್ನೊಂದು ವರ್ಗವು ತನ್ನ ಸಹಜ ಹಕ್ಕುಗಳನ್ನು ಅನುಭವಿಸುತ್ತಿದೆಯೋ ಎಂಬಂತೆ ಸಹಿಷ್ಣುತೆಯ ಮಾತನಾಡುವ ಕಾಲ ಈಗಿಲ್ಲ.’ ಓದಿ ನೋಡಿ. ಇಂದಿನ ಕನ್ನಡ ಪತ್ರಿಕೆಗಳಲ್ಲಿ ಸಹಿಷ್ಣುತೆ ಒಂದು ದೊಡ್ಡ ಗುಣ, ಅಸಹಿಷ್ಣುತೆ ಒಂದು ಬೈಗುಳ. ಆ ರೂಢಿಯ ಓದುಗನಿಗೆ, ವಾಷಿಂಗ್ಟನ್ ಒಂದು ಸದ್ಗುಣವನ್ನು ತಿರಸ್ಕರಿಸುತ್ತಿದ್ದಾರೆ, ಸಹಿಷ್ಣುತೆಯ ಕಾಲ ಮುಗಿಯಿತು ಎಂದು ಯೆಹೂದಿಗಳಿಗೆ ಹೇಳುತ್ತಿದ್ದಾರೆ ಎಂಬ ಭಾವನೆ ಬರುತ್ತದೆ. ಅವರು ಹೇಳಿದ್ದು ಅದಕ್ಕೆ ನೇರ ವಿರುದ್ಧ: ನಿಮ್ಮನ್ನು ನಾವು ಸಹಿಸಿಕೊಳ್ಳುತ್ತಿಲ್ಲ, ಸಹಿಸಿಕೊಳ್ಳುವ ಸ್ಥಾನದಲ್ಲಿ ಯಾರೂ ಇಲ್ಲ, ಇಲ್ಲಿ ನೀವೂ ನಾವೂ ಸಮಾನ ಹಕ್ಕುದಾರರು.

ಇಂಗ್ಲಿಷಿನಲ್ಲಿ ಟಾಲರೆನ್ಸ್ ಮತ್ತು ಟಾಲರೇಶನ್ ಎಂದು ಎರಡು ನಾಮಪದಗಳಿವೆ. ಮೊದಲನೆಯದು ಮುಖ್ಯವಾಗಿ ಮನಸ್ಸಿನ ಗುಣ. ಎರಡನೆಯದು ಹೆಚ್ಚಾಗಿ ಪ್ರಭುತ್ವದ ಕ್ರಿಯೆ. ಇಂಗ್ಲೆಂಡಿನಲ್ಲಿ 1689ರಲ್ಲಿ ಬಂದ ಟಾಲರೇಶನ್ ಕಾಯ್ದೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಪ್ರಭುತ್ವದ ಅಧಿಕೃತ ಚರ್ಚಾದ ಆಂಗ್ಲಿಕನ್ ಚರ್ಚಿನ ಹೊರಗಿದ್ದ ಪ್ರಾಟೆಸ್ಟೆಂಟರು ಪ್ರಮಾಣವಚನ ಮಾಡಿ, ತಮ್ಮ ಪ್ರಾರ್ಥನಾಸ್ಥಳವನ್ನು ನೋಂದಾಯಿಸಿಕೊಂಡರೆ ಅವರಿಗೆ ಶಿಕ್ಷೆಯಿಂದ ವಿನಾಯಿತಿ. ಕ್ಯಾಥೊಲಿಕರಿಗೆ ಅದೂ ಇಲ್ಲ. ಇದರಲ್ಲಿ ಗುಣದ ಪ್ರಶ್ನೆಯೇ ಬರುವುದಿಲ್ಲ. ಮೇಲಿದ್ದವನು ಕೆಳಗಿದ್ದವನಿಗೆ, ಷರತ್ತು ಹಾಕಿ, ಬೇಕೆಂದಾಗ ಹಿಂದಕ್ಕೆ ಪಡೆಯಬಹುದಾದ ಅನುಮತಿ ಕೊಡುತ್ತಾನೆ. ಕನ್ನಡದಲ್ಲಿ ಗುಣಕ್ಕೂ ಕ್ರಿಯೆಗೂ ಸಹಿಷ್ಣುತೆ ಎಂಬ ಒಂದೇ ಪದವನ್ನು ಇಟ್ಟುಕೊಂಡಿದ್ದೇವೆ. ‘ತೆ’ ಪ್ರತ್ಯಯದ ಬಲದಿಂದ ಅದು ಗುಣದ ಕಡೆಗೇ ವಾಲುತ್ತದೆ.

ಈ ವ್ಯತ್ಯಾಸದ ಮೇಲೆಯೇ ನಿಂತಿರುವ ಇನ್ನೊಂದು ಪ್ರಸಂಗವಿದೆ. ನನ್ನ ಮಟ್ಟಿಗೆ ಇಡೀ ಸಂಕಲನದ ತಿರುಳು ಅದೇ. 1776ರಲ್ಲಿ ವರ್ಜೀನಿಯಾದ ಪ್ರತಿನಿಧಿಗಳು ವಿಲಿಯಮ್ಸ್‌ಬರ್ಗ್‌ನಲ್ಲಿ ಸೇರಿ ಹಕ್ಕುಗಳ ಘೋಷಣೆಯನ್ನು ರಚಿಸುತ್ತಿದ್ದರು. ಜಾರ್ಜ್ ಮೇಸನ್ ಬರೆದ ಕರಡಿನಲ್ಲಿ, ಧರ್ಮದ ಆಚರಣೆಯಲ್ಲಿ ಎಲ್ಲರಿಗೂ ‘ಪರಿಪೂರ್ಣ ಟಾಲರೇಶನ್’ ಇರಬೇಕು ಎಂದಿತ್ತು. ಆ ಕಾಲಕ್ಕೆ ಅದು ಬಹಳ ಉದಾರವಾದ ಮಾತೇ. ಆದರೆ ಮುಂದೆ ಅಮೆರಿಕದ ಅಧ್ಯಕ್ಷರಾದ, ಆಗಿನ್ನೂ ಇಪ್ಪತ್ತೈದು ವರ್ಷದ ಜೇಮ್ಸ್ ಮ್ಯಾಡಿಸನ್ ಅದನ್ನು ಒಪ್ಪಲಿಲ್ಲ. ಅವರ ತಿದ್ದುಪಡಿಯ ನಂತರ ಉಳಿದ ವಾಕ್ಯ: ತಮ್ಮ ಅಂತಃಸಾಕ್ಷಿಯ ಆದೇಶದಂತೆ ಧರ್ಮವನ್ನು ಮುಕ್ತವಾಗಿ ಆಚರಿಸಲು ಎಲ್ಲ ಮನುಷ್ಯರೂ ಸಮಾನವಾಗಿ ಹಕ್ಕುಳ್ಳವರು. ಕೊಡುವವನೂ ಪಡೆಯುವವನೂ ವಾಕ್ಯದಿಂದ ಮಾಯವಾದರು. ಜೂನ್ 12ರಂದು ಅಂಗೀಕಾರವಾದದ್ದು ಇದೇ ರೂಪ.

ಮ್ಯಾಡಿಸನ್ ಒಂದು ಪದಕ್ಕಾಗಿ ಏಕೆ ಹಟ ಹಿಡಿದರು ಎಂಬುದಕ್ಕೆ ಅವರ ಖಾಸಗಿ ಪತ್ರವೊಂದು ಉತ್ತರ ಕೊಡುತ್ತದೆ. 1774ರ ಜನವರಿ 24ರಂದು ಗೆಳೆಯ ವಿಲಿಯಂ ಬ್ರಾಡ್‌ಫರ್ಡ್‌ಗೆ ಬರೆಯುತ್ತ, ಪಕ್ಕದ ಕೌಂಟಿಯಲ್ಲಿ ಐದಾರು ಮಂದಿ ಸಜ್ಜನರು ತಮ್ಮ ಧಾರ್ಮಿಕ ಅಭಿಪ್ರಾಯಗಳನ್ನು ಸಾರಿದ್ದಕ್ಕಾಗಿ ಸೆರೆಮನೆಯಲ್ಲಿದ್ದಾರೆ ಎಂದು ಕುದಿಯುತ್ತಾರೆ. ಸೆರೆಯಲ್ಲಿದ್ದವರು ಬ್ಯಾಪ್ಟಿಸ್ಟ್ ಎಂಬ ಬೇರೊಂದು ಪ್ರಾಟೆಸ್ಟೆಂಟ್ ಪಂಥದ ಬೋಧಕರು; ಮ್ಯಾಡಿಸನ್ ಅವರು ಬೆಳೆದದ್ದು ಆಂಗ್ಲಿಕನ್ ಮನೆತನದಲ್ಲಿ. ತನ್ನವರಲ್ಲದವರಿಗಾಗಿ ಬಂದ ಸಿಟ್ಟು ಅದು. ಎಲ್ಲರಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯ ಸಿಗಲೆಂದು ಪ್ರಾರ್ಥಿಸು ಎಂದು ಗೆಳೆಯನನ್ನು ಕೇಳಿಕೊಳ್ಳುತ್ತಾರೆ. ಈ ಪತ್ರವನ್ನು ಓದಿದವರಿಗೆ ಮೇಸನ್ ಕರಡಿನ ತಿದ್ದುಪಡಿ ಬರೀ ಶೈಲಿಯ ವಿಷಯವಾಗಿ ಕಾಣುವುದಿಲ್ಲ. ಕನ್ನಡದಲ್ಲಿ ಮೇಸನ್ ಅವರ ಪದವನ್ನು ಸಹಿಷ್ಣುತೆ ಎಂದು ಅನುವಾದಿಸಿದರೆ, ಇಷ್ಟು ಒಳ್ಳೆಯ ಮಾತನ್ನು ಮ್ಯಾಡಿಸನ್ ತೆಗೆಸಿದ್ದಾದರೂ ಏಕೆ ಎಂದು ಓದುಗ ತಲೆ ಕೆರೆದುಕೊಳ್ಳಬೇಕಾಗುತ್ತದೆ.

1791ರಲ್ಲಿ ಥಾಮಸ್ ಪೇನ್ ಇದನ್ನೇ ಇನ್ನೂ ಕಟುವಾಗಿ ಹೇಳಿದರು. ಟಾಲರೇಶನ್ ಎಂಬುದು ತನ್ನ ವಿರುದ್ಧಪದವಾದ ಇಂಟಾಲರೇಶನ್‌ನ ವಿರೋಧಿಯಲ್ಲ, ಅದರದೇ ಖೋಟಾ ರೂಪ. ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ತಡೆಹಿಡಿಯುವ ಹಕ್ಕು ತನಗಿದೆ ಎನ್ನುತ್ತದೆ ಒಂದು, ಕೊಡುವ ಹಕ್ಕು ತನಗಿದೆ ಎನ್ನುತ್ತದೆ ಇನ್ನೊಂದು. ಎರಡೂ ನಿರಂಕುಶತೆಯೇ ಎಂಬುದು ಅವರ ಮಾತಿನ ಸಾರ.

ಇನ್ನು ಕನ್ನಡದ ಪದಗಳ ವಿಷಯ. ಮೊದಲು ಯೋಚಿಸಿದ್ದು ‘ಸೈರಣೆ’. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲೇ, ಪರವಿಚಾರವನ್ನೂ ಪರಧರ್ಮವನ್ನೂ ‘ಸೈರಿಸಲಾರ್ಪೊಡೆ’ ಅದೇ ನಿಜವಾದ ಸಂಪತ್ತು ಎಂಬ ಅರ್ಥದ ಮಾತಿದೆ. ಇಷ್ಟು ಹಳೆಯ, ಇಷ್ಟು ಚೆಂದದ ಪದ ಕೈಯಲ್ಲಿರುವಾಗ ಬಳಸಬೇಕೆಂಬ ಆಸೆ ಯಾರಿಗೂ ಆಗುತ್ತದೆ. ಆದರೆ ಬಳಸಬಾರದು ಎಂದು ತೀರ್ಮಾನಿಸಿದ್ದೇನೆ. ಅಲ್ಲಿ ಸೈರಿಸುವವನಿಗೇ ಅದು ಸಂಪತ್ತು. ಅವನ ಒಳಗಿನ ಹಿರಿಮೆ. ಮೇಸನ್ ಕರಡಿನ ಟಾಲರೇಶನ್‌ಗೆ ಅದನ್ನು ಹೊದಿಸಿದರೆ ಸೈರಣೆಯ ಮಾನವೂ ಹೋಗುತ್ತದೆ, ಮ್ಯಾಡಿಸನ್ ಅವರ ತಕರಾರೂ ಮಸುಕಾಗುತ್ತದೆ. ಸೈರಣೆಯನ್ನು ಟಾಲರೆನ್ಸ್‌ಗೆ ಮೀಸಲಿಡೋಣ.

ಕಾಯ್ದೆಯ ಹೆಸರಿಗೆ ‘ಮತಾನುಮತಿ’ ಎಂದು ಹಾಕಿಕೊಂಡಿದ್ದೇನೆ: ಮತಾನುಮತಿ ಕಾಯ್ದೆ. ಅನುಮತಿ ಎಂದ ತಕ್ಷಣ ಕೊಡುವವನೊಬ್ಬ ಕಣ್ಣಿಗೆ ಬೀಳುತ್ತಾನೆ, ಅದೇ ಬೇಕಾಗಿರುವುದು. ಆದರೆ ‘ಮತ’ಕ್ಕೆ ಅಭಿಪ್ರಾಯ, ಚುನಾವಣೆಯ ವೋಟು ಎಂಬ ಅರ್ಥಗಳೂ ಇರುವುದರಿಂದ ರಾಜಕೀಯ ಪತ್ರಗಳ ನಡುವೆ ಗೊಂದಲವಾಗಬಹುದು. ಇದೇ ಕಾರಣಕ್ಕೆ ಬಿಡಿಪದವಾಗಿ ಎಲ್ಲೆಡೆ ‘ಧರ್ಮ’ ಎಂದೇ ಬಳಸಿದ್ದೇನೆ. ಸಮಾಸದಲ್ಲಿ, ಮತಾಂತರ ಮತಾಂಧಗಳ ಹಾಗೆ, ಗೊಂದಲ ಆಗಲಾರದು ಎಂಬ ನಂಬಿಕೆ. ನಿಮಗೆ ಹೇಗೆ ಕೇಳಿಸುತ್ತದೆ?

ಇನ್ನೊಂದು ಅಚ್ಚಗನ್ನಡದ ಸಾಧ್ಯತೆ: ‘ಇರಗೊಡುವುದು’. ಇರಗೊಡಲಿಲ್ಲ, ಹೋಗಗೊಡಲಿಲ್ಲ, ಮಾತನಾಡಗೊಡಲಿಲ್ಲ ಎಂದು ನಿಷೇಧದಲ್ಲಿ ಇದು ಧಾರಾಳವಾಗಿ ಬಳಕೆಯಲ್ಲಿದೆ. ವಾಷಿಂಗ್ಟನ್ ಪತ್ರಕ್ಕೆ ಇದನ್ನು ಹಾಕಿ ನೋಡಿದೆ: ‘ಒಂದು ವರ್ಗದ ಜನ ಕೃಪೆದೋರಿ ಇನ್ನೊಂದು ವರ್ಗವನ್ನು ಇರಗೊಟ್ಟಿದ್ದಾರೆ, ಅದರಿಂದಲೇ ಇವರು ತಮ್ಮ ಸಹಜ ಹಕ್ಕುಗಳನ್ನು ಚಲಾಯಿಸುತ್ತಿದ್ದಾರೆ ಎಂಬಂತೆ ಮಾತನಾಡುವ ಕಾಲ ಈಗ ಉಳಿದಿಲ್ಲ.’ ಅರ್ಥ ಕನ್ನಡಿಯಂತೆ ಸ್ಪಷ್ಟವಾಗಿದೆ. ಆದರೆ ನಾಮಪದ ಕ್ರಿಯಾಪದದಲ್ಲಿ ಕರಗಿಹೋಯಿತು. ಹಾಗಾಗಿ ಮೇಸನ್, ಪೇನ್, ವಾಷಿಂಗ್ಟನ್ ಮೂವರೂ ಒಂದೇ ಪದದೊಡನೆ ಗುದ್ದಾಡುತ್ತಿದ್ದಾರೆ ಎಂಬುದು ಕನ್ನಡ ಓದುಗನಿಗೆ ಕಾಣಿಸುವುದಿಲ್ಲ. ‘ಇರಗೊಡುವಿಕೆ’ ಎಂದು ನಾಮಪದ ಮಾಡಿದರೆ ನಾಲಿಗೆಗೆ ಒಗ್ಗುವುದಿಲ್ಲ.

ಇದೇ ವಾಕ್ಯದ ಇಂಡಲ್ಜೆನ್ಸ್ ಎಂಬ ಪದಕ್ಕೆ ‘ದಾಕ್ಷಿಣ್ಯ’ ಎಂದು ಒಬ್ಬ ಹಿರಿಯರು ಸೂಚಿಸಿದ್ದರು. ಅದು ಹೊಂದುವುದಿಲ್ಲ ಅನ್ನಿಸುತ್ತದೆ. ದಾಕ್ಷಿಣ್ಯದಲ್ಲಿ ಕೊಡುವವನಿಗೇ ಸಂಕೋಚ. ಇಲ್ಲಿ ಕೊಡುವವನಿಗೆ ಎಳ್ಳಷ್ಟೂ ಸಂಕೋಚವಿಲ್ಲ. ಸದ್ಯಕ್ಕೆ ‘ಕೃಪೆ’ ಎಂದಿಟ್ಟಿದ್ದೇನೆ.

ಒಂದು ಕಡೆ ಮಾತ್ರ ಕನ್ನಡ ಮೂಲಕ್ಕಿಂತ ಬಲವಾಗಿ ನಿಂತಿದೆ, ಅದನ್ನು ಹಂಚಿಕೊಳ್ಳಲೇಬೇಕು. ಕನೆಕ್ಟಿಕಟ್ ರಾಜ್ಯದಲ್ಲಿ ಕಾಂಗ್ರಿಗೇಶನಲ್ ಚರ್ಚು ಸರ್ಕಾರದ ಮನ್ನಣೆ ಪಡೆದ ಚರ್ಚಾಗಿತ್ತು. ಅದರ ವೆಚ್ಚಕ್ಕೆ ತೆರಿಗೆ. ಬೇರೆ ಪಂಥದವರು ವಿನಾಯಿತಿ ಬೇಕಿದ್ದರೆ ತಾವು ಇಂಥ ಸಭೆಗೆ ಸೇರಿದವರೆಂದು ಪ್ರಮಾಣಪತ್ರ ಸಲ್ಲಿಸಬೇಕಿತ್ತು. 1801ರ ಅಕ್ಟೋಬರ್ 7ರಂದು ಡ್ಯಾನ್‌ಬರಿಯ ಬ್ಯಾಪ್ಟಿಸ್ಟ್ ಸಂಘದವರು ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರಿಗೆ ಬರೆದ ಪತ್ರದಲ್ಲಿ, ತಮಗಿರುವ ಧಾರ್ಮಿಕ ಸೌಲಭ್ಯಗಳು ಕಳೆಯಲಾಗದ ಹಕ್ಕುಗಳಲ್ಲ, ಯಾರೋ ಕೊಟ್ಟ ಉಪಕಾರಗಳು, ಅದಕ್ಕಾಗಿ ಸ್ವತಂತ್ರ ಮನುಷ್ಯರಿಗೆ ಒಪ್ಪದ ಅವಮಾನದ ಒಪ್ಪಿಗೆಗಳನ್ನು ತೆರಬೇಕಾಗಿದೆ ಎಂದು ದುಃಖ ತೋಡಿಕೊಂಡರು. ನಾನು ಹೀಗೆ ಮಾಡಿದ್ದೇನೆ: ‘ನಮಗೆ ದಕ್ಕಿರುವುದು ಹಕ್ಕಲ್ಲ, ಹಂಗು.’ ಹಂಗಿನ ಅರಮನೆಗಿಂತ ಬೇರೆಯಾಗಿರುವ ಗುಡಿಸಲು ಮೇಲೆಂದು ಸರ್ವಜ್ಞನ ಬಾಯಲ್ಲಿ ಕೇಳಿದ ನಮಗೆ, ಪಡೆಯುವಾಗಲೇ ತಲೆ ತಗ್ಗಿಸಬೇಕಾದ ಆ ಅವಮಾನವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಉಪಕಾರ, ಅನುಗ್ರಹ, ಸೌಲಭ್ಯ ಯಾವುದಕ್ಕೂ ಈ ಶಕ್ತಿಯಿಲ್ಲ. ಪ್ರಾರ್ಥನಾಪತ್ರದ ವಿನಯದ ಧಾಟಿಗೆ ‘ಹಂಗು’ ತೀರಾ ಒರಟಾಯಿತು ಎನ್ನುವವರಿದ್ದರೆ ದಯವಿಟ್ಟು ವಾದಿಸಿ. ನಾನು ಸುಲಭವಾಗಿ ಬಿಟ್ಟುಕೊಡುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಜೆಫರ್ಸನ್ 1802ರ ಜನವರಿ 1ರಂದು ಕೊಟ್ಟ ಉತ್ತರವೇ ಚರ್ಚು ಮತ್ತು ಪ್ರಭುತ್ವಗಳ ನಡುವಿನ ‘ಬೇರ್ಪಡಿಕೆಯ ಗೋಡೆ’ ಎಂಬ ಮಾತಿನ ಪತ್ರ. ಅದರ ಕರಡು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಶಾಯಿ ಬಳಿದು ಮುಚ್ಚಿದ್ದ ಸಾಲುಗಳನ್ನು 1998ರಲ್ಲಿ ಎಫ್‌ಬಿಐ ಪ್ರಯೋಗಾಲಯದ ನೆರವಿನಿಂದ ಓದಲಾಯಿತು. ಮೊದಲು ‘ಶಾಶ್ವತ’ ಬೇರ್ಪಡಿಕೆ ಎಂದಿದ್ದು, ಆಮೇಲೆ ಆ ವಿಶೇಷಣವನ್ನು ತೆಗೆದಿದ್ದಾರೆ. ಅಚ್ಚಿನಲ್ಲಿ ಹೊಡೆದುಹಾಕಿದ ಪದಗಳನ್ನು ಅಡ್ಡಗೆರೆಯೊಡನೆ ತೋರಿಸಬೇಕೆಂದಿದ್ದೇನೆ. ‘ಪ್ರತ್ಯೇಕತೆ’ ಬೇಡ, ‘ಬೇರ್ಪಡಿಕೆ’ ಇರಲಿ ಎಂಬುದು ನನ್ನ ಇಷ್ಟ. ಗೋಡೆ ಕಟ್ಟುವುದು ಒಂದು ಕೆಲಸ, ಅದಕ್ಕೆ ಕ್ರಿಯೆಯ ಪದವೇ ಸರಿ.

ಕಲೆಯ ಪತ್ರಗಳಲ್ಲಿ ಇಂಥ ತೊಡಕು ಹೆಚ್ಚಿಲ್ಲ. ಜಾನ್ ಆಡಮ್ಸ್ 1780ರ ಮೇ ತಿಂಗಳಲ್ಲಿ ಪ್ಯಾರಿಸ್‌ನಿಂದ ಪತ್ನಿ ಅಬಿಗೇಲ್‌ಗೆ ಬರೆದ ಪತ್ರದಲ್ಲಿ, ನನ್ನ ಮಕ್ಕಳು ಗಣಿತ, ತತ್ವಶಾಸ್ತ್ರ ಕಲಿಯುವಂತಾಗಲು ನಾನು ರಾಜಕಾರಣ, ಯುದ್ಧಗಳನ್ನು ಕಲಿಯಬೇಕು, ಅವರ ಮಕ್ಕಳು ಚಿತ್ರಕಲೆ, ಕಾವ್ಯ, ಸಂಗೀತ ಕಲಿಯಲಿ ಎನ್ನುತ್ತಾರೆ. ಅದರಲ್ಲೇ ಶಾಸನ ರಚನೆ, ಆಡಳಿತ, ಸಂಧಾನಗಳನ್ನೂ ‘ಆರ್ಟ್’ ಎಂದು ಕರೆದಿದ್ದಾರೆ. ಅಲ್ಲಿ ‘ವಿದ್ಯೆ’ ಎಂದು ಹಾಕಿದೆ, ಕುಳಿತುಕೊಂಡಿತು.

ನ್ಯೂಪೋರ್ಟ್ ಪತ್ರದ ಎರಡು ಸಣ್ಣ ವಿಷಯಗಳನ್ನೂ ಸೇರಿಸುತ್ತೇನೆ. ನಾಗರಿಕರು ತಮ್ಮನ್ನು ‘ಡಿಮೀನ್’ ಮಾಡಿಕೊಳ್ಳಬೇಕು ಎಂದು ಅಲ್ಲಿದೆ. ಇಂದಿನ ಅರ್ಥದಲ್ಲಿ ಕೀಳಾಗಿಸು ಎಂದು ಹಿಡಿದರೆ ಅನಾಹುತ. ಅಂದಿನ ಅರ್ಥ, ನಡೆದುಕೊಳ್ಳುವುದು. ‘ಒಳ್ಳೆಯ ನಾಗರಿಕರಾಗಿ ನಡೆದುಕೊಳ್ಳಬೇಕು’ ಎಂದಷ್ಟೆ. ಮತ್ತೆ, ಪತ್ರದ ಕೊನೆಯಲ್ಲಿ ಪ್ರತಿಯೊಬ್ಬನೂ ತನ್ನ ದ್ರಾಕ್ಷಾಲತೆ ಮತ್ತು ಅಂಜೂರದ ಮರದ ಕೆಳಗೆ ನಿರ್ಭಯವಾಗಿ ಕುಳಿತುಕೊಳ್ಳಲಿ ಎಂಬ ಹಾರೈಕೆ ಬರುತ್ತದೆ. ಅದು ಮೀಕ ಪ್ರವಾದಿಯ ಮಾತು. ಕನ್ನಡ ಬೈಬಲ್ ಓದಿದವರ ಕಿವಿಗೆ ಪರಿಚಿತವಾಗಬೇಕಾದರೆ ಹಳೆಯ ಅನುವಾದದ ಧಾಟಿಯನ್ನೇ ಅನುಸರಿಸಬೇಕೆಂದು ನನ್ನ ಅಭಿಪ್ರಾಯ. ಪತ್ರ ಹೋದದ್ದು ಆ ಗ್ರಂಥವನ್ನು ಬಾಯಿಪಾಠ ಮಾಡಿಕೊಂಡಿದ್ದ ಜನರಿಗೆ.

ಈಗ ಬಳಗದಲ್ಲಿ ನನ್ನ ಕೋರಿಕೆ. ಟಾಲರೇಶನ್‌ಗೆ ಎಲ್ಲ ಪತ್ರಗಳಲ್ಲೂ ನಿಲ್ಲಬಲ್ಲ, ಕೊಡುವವನ ಮೇಲ್ಮೆಯನ್ನು ಒಳಗಿಟ್ಟುಕೊಂಡಿರುವ ಒಂದೇ ನಾಮಪದ ಬೇಕು. ಹತ್ತೊಂಬತ್ತನೆಯ ಶತಮಾನದ ಮಿಷನರಿ ಬರಹಗಳಲ್ಲಿ, ಮೈಸೂರು ಸಂಸ್ಥಾನದ ಆದೇಶಗಳಲ್ಲಿ ಅಥವಾ ಶಾಸನಗಳಲ್ಲಿ, ಒಂದು ಪಂಥದವರು ಇನ್ನೊಂದು ಪಂಥದವರನ್ನು ಇರಗೊಟ್ಟ ಸಂದರ್ಭಕ್ಕೆ ಬಳಸಿದ ಪದ ಯಾರಿಗಾದರೂ ಕಂಡಿದ್ದರೆ, ಪೂರ್ತಿ ವಾಕ್ಯದೊಡನೆ ಕಳುಹಿಸಿ. ‘ಮನ್ನಿಸು’ ಕ್ರಿಯಾಪದದಿಂದ ಏನಾದರೂ ಕಟ್ಟಬಹುದೇ ಎಂಬ ಯೋಚನೆಯೂ ಇದೆ: ಗೌರವಿಸು, ಕ್ಷಮಿಸು ಎಂಬ ಎರಡು ಅರ್ಥಗಳೂ ಅದರಲ್ಲಿವೆ. ಇಲ್ಲಿ ಎರಡನೆಯದು ಬೇಕು, ಮೊದಲನೆಯದು ನುಸುಳಬಾರದು. ಹಾಗೆಯೇ ಮ್ಯಾಡಿಸನ್ ವಾಕ್ಯದ ‘ಮುಕ್ತ ಆಚರಣೆ’ಯ ಜಾಗದಲ್ಲಿ ‘ಮುಕ್ತ ಅನುಷ್ಠಾನ’ ಎಂದರೆ ಪೂಜೆಪುನಸ್ಕಾರಕ್ಕೆ ಸೀಮಿತವಾಗಿಬಿಡುತ್ತದೆಯೇ ಎಂಬುದನ್ನೂ ತಿಳಿಸಿ. ಉತ್ತರ ಬರುವವರೆಗೆ ಮೇಸನ್ ಕರಡಿನಲ್ಲಿ ‘ಮತಾನುಮತಿ’ ಎಂದೇ ಇರುತ್ತದೆ.