ಅಪ್‌ಡೇಟ್: 14 ವರ್ಷದ ನಂತರ ಕುಮ್ಸಾರಿಗೆ (ಪಾಪನಿವೇದನೆಗೆ) ಹೋಗಿ ಬಂದೆ

ಹೋದ ವಾರ ಕೇಳಿದ್ದೆನಲ್ಲ, ಅಮ್ಮನ ಚಿನ್ನ ಮಾರಿದ ಹಣದಲ್ಲಿ ತಮ್ಮನ ಪಾಲನ್ನೂ ನಾನೇ ನುಂಗಿದ್ದೆ, 14 ವರ್ಷದಿಂದ ಫಾದರ್ ಹತ್ತಿರ ಪಾಪ ಹೇಳಿಕೊಳ್ಳುವ ಪಾಪನಿವೇದನೆಗೆ ಹೋಗಲು ನಾಚಿಕೆ, ಏನು ಮಾಡಲಿ ಅಂತ. ಹೋಗಿ ಬಂದೆ.

ಎಲ್ಲವನ್ನೂ ಚೀಟಿಯಲ್ಲಿ ಬರೆದು ಸುಟ್ಟುಬಿಡಿ ಅಂದವರಿಗೆ ಥ್ಯಾಂಕ್ಸ್, ಆದರೆ ನನಗೆ ಅದು ಉಪಯೋಗ ಆಗಲಿಲ್ಲ. ಸುಟ್ಟ ಮೇಲೂ ರಾತ್ರಿ ನಿದ್ದೆ ಇಲ್ಲ. ಬೈಬಲಿನ 51ನೇ ಕೀರ್ತನೆ ಓದಿ ಅಂದಿದ್ದು ಸ್ವಲ್ಪ ಧೈರ್ಯ ಕೊಟ್ಟಿತು. ಕೆಲಸ ಮಾಡಿದ್ದು ಮಾತ್ರ 'ಪರಿಚಯ ಇಲ್ಲದ ಕಡೆ ಹೋಗಿ' ಅನ್ನುವ ಸಲಹೆ. ನಮ್ಮ ಇಗರ್ಜಿ (ಚರ್ಚ್) ಬಿಟ್ಟು ಮಂಗಳೂರಿನ ಬಿಕರ್ನಕಟ್ಟೆಯ ಬಾಲಯೇಸು ಮಂದಿರಕ್ಕೆ ಹೋದೆ.

ಮಂಡಿಯೂರಿದಾಗ ಪಶ್ಚಾತ್ತಾಪದ ಪ್ರಾರ್ಥನೆಯೇ ಮರೆತುಹೋಯಿತು! ಫಾದರ್ ಬೈಯಲಿಲ್ಲ, ನಿಮ್ಮ ಮಾತಲ್ಲೇ ಹೇಳಿ ಅಂದರು, ಕೊಂಕಣಿ ಕನ್ನಡ ಬೆರೆಸಿ ಏನೋ ತೊದಲಿದೆ, ಅತ್ತೂಬಿಟ್ಟೆ. ಗುಟ್ಟು ಹೊರಗೆ ಹೋದರೆ ಅನ್ನುವ ಹೆದರಿಕೆ ಇತ್ತಲ್ಲ, ಅದು ಸುಮ್ನೆ. 1983ರ ಕಥೋಲಿಕ ಧರ್ಮಸಭೆಯ ಕಾನೂನಿನ ಪ್ರಕಾರ ಯಾಜಕರು ಯಾವ ಕಾರಣಕ್ಕೂ ಬಾಯಿ ಬಿಡುವಂತಿಲ್ಲ. ಪ್ರಾಮಾಣಿಕವಾಗಿ ಮರೆತುಹೋದ ಪಾಪಕ್ಕೂ ಕ್ಷಮೆ ಸಿಗುತ್ತದೆ ಅಂತಲೂ ಆಗಲೇ ಗೊತ್ತಾಯಿತು.

ಆಶ್ಚರ್ಯ ಆಗಿದ್ದು ಪ್ರಾಯಶ್ಚಿತ್ತದ ವಿಷಯ. ನೂರು ಜಪ ಹೇಳುತ್ತಾರೆ ಅಂದುಕೊಂಡಿದ್ದೆ. ಮೂರು ಸಣ್ಣ ಪ್ರಾರ್ಥನೆ ಅಷ್ಟೇ, ಆದರೆ ಕ್ಷಮೆ ಸಿಕ್ಕಿತು ಅಂತ ಸಾಲ ಮಾಫಿ ಆಗಲ್ಲ, ತೆಗೆದದ್ದನ್ನು ವಾಪಸ್ ಕೊಡಬೇಕು ಅಂದರು. ಅದೇ ಜಾಸ್ತಿ ಕಷ್ಟ ಅಲ್ವಾ?

ಮೊನ್ನೆ ತಮ್ಮನಿಗೆ ಮೊದಲ ಕಂತು ಕೊಟ್ಟೆ. ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, ಊಟ ಮಾಡಿ ಹೋಗು ಅಂದ. ಮೀನು ಸಾರಿಗೆ ಉಪ್ಪು ಜಾಸ್ತಿ ಆಗಿತ್ತು, ಎರಡು ಸಲ ಬಡಿಸಿಕೊಂಡೆ.