ಶಾಲೆಯ ಸಂಗೀತ ಪಾಠದಲ್ಲಿ ಪಾಲಕರ ಮಾತು ಎಲ್ಲಿಯವರೆಗೆ ನಡೆಯಬೇಕು?

ಪ್ರಶ್ನೆ: ಧಾರವಾಡದ ಒಬ್ಬ ಪಾಲಕ

ನನ್ನ ಮಗಳು ಇಲ್ಲಿನ ಒಂದು ಅನುದಾನಿತ ಶಾಲೆಯಲ್ಲಿ ಏಳನೆಯ ತರಗತಿ ಓದುತ್ತಿದ್ದಾಳೆ. ಸಂಗೀತ ಶಿಕ್ಷಕರು ಶಾಲೆ ಆರಂಭವಾದಾಗಿನಿಂದ ಭೂಪ ರಾಗದ ಅಲಂಕಾರಗಳನ್ನೂ (ಸ್ವರಾಭ್ಯಾಸದ ವರಸೆಗಳು), ಬರೀ ಸ್ವರಾಕ್ಷರಗಳನ್ನೇ ಹಾಡುವ ಒಂದು ಸರಗಮ್ ಗೀತೆಯನ್ನೂ ಬಿಟ್ಟು ಬೇರೇನೂ ಹೇಳಿಕೊಟ್ಟಿಲ್ಲ. ಸ್ನೇಹ ಸಮ್ಮೇಳನದ ಹೊತ್ತಿಗೆ ಮಕ್ಕಳಿಗೆ ಒಂದೆರಡು ಭಾವಗೀತೆಗಳಾದರೂ ಬರಲಿ ಎಂದು ಕೆಲವು ಪಾಲಕರು ಕೇಳಿಕೊಂಡರೆ, ಸ್ವರ ಗಟ್ಟಿಯಾಗುವವರೆಗೆ ಹಾಡಿನ ಮಾತೇ ಬೇಡ ಎಂದುಬಿಟ್ಟರು. ಅವರ ಸಂಬಳ ಸರ್ಕಾರದ ಬೊಕ್ಕಸದಿಂದ, ಅಂದರೆ ನಮ್ಮ ತೆರಿಗೆಯಿಂದ, ಹೋಗುತ್ತದೆ. ಹೀಗಿರುವಾಗ ಏನು ಕಲಿಸಬೇಕೆಂದು ಹೇಳುವ ಹಕ್ಕು ನಮಗಿಲ್ಲವೇ?

ಉತ್ತರ: ಹುಬ್ಬಳ್ಳಿಯಿಂದ, ಎಸ್‌ಡಿಎಂಸಿಯ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮಾಜಿ ಸದಸ್ಯ

2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮಿನ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಇರಬೇಕು. ಶಾಲೆಯ ಕೆಲಸ ಹೇಗೆ ನಡೆದಿದೆ, ಬಂದ ಅನುದಾನ ಎಲ್ಲಿ ಖರ್ಚಾಯಿತು ಎಂದು ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆ ಮಾಡುವುದು ಅದರ ಕೆಲಸ (ನಿಮ್ಮದರಂಥ ಅನುದಾನಿತ ಶಾಲೆ ಅಥವಾ ಅಲ್ಪಸಂಖ್ಯಾತ ಸಂಸ್ಥೆಯ ಶಾಲೆಯಾದರೆ ಸಲಹೆ ಕೊಡುವುದಷ್ಟೇ). 24ನೆಯ ಕಲಮು ಶಿಕ್ಷಕರು ಪಾಲಕರ ಸಭೆ ನಡೆಸಿ ಮಗುವಿನ ಪ್ರಗತಿಯನ್ನು ತಿಳಿಸಬೇಕೆನ್ನುತ್ತದೆ. ಆದ್ದರಿಂದ ಮಗಳು ಎಲ್ಲಿಗೆ ಬಂದಿದ್ದಾಳೆ ಎಂದು ನೀವು ಧಾರಾಳವಾಗಿ ಕೇಳಬಹುದು. ಯಾವ ರಾಗ ಮೊದಲು, ಯಾವ ಹಾಡು ಆಮೇಲೆ ಎಂಬುದನ್ನು ಸಮಿತಿ ಠರಾವು ಮಾಡಲಾಗದು.

ಉತ್ತರ: ಗದಗಿನಿಂದ, ನಿವೃತ್ತ ಸಂಗೀತ ಶಿಕ್ಷಕ

ಏಳನೆಯ ತರಗತಿಯ ಗಂಡುಮಕ್ಕಳ ಧ್ವನಿ ಒಡೆಯುವ ವಯಸ್ಸದು. ನಿನ್ನೆ ಹಾರ್ಮೋನಿಯಂನ ಕರಿ ಮೂರರ ಶ್ರುತಿಯಲ್ಲಿ ಸಲೀಸಾಗಿ ಹಾಡಿದ ಹುಡುಗ ಮುಂದಿನ ತಿಂಗಳು ತಾರ ಷಡ್ಜಕ್ಕೆ (ಮೇಲಿನ ಸ) ಹೋಗಲಾರದೆ ಬಾಯಿ ಮುಚ್ಚಿ ಕೂರುತ್ತಾನೆ. ಅವನಿಗೂ ಹುಡುಗಿಯರಿಗೂ ಒಂದೇ ಶ್ರುತಿ ಹೊಂದಿಸುವುದು ಪೇಟಿಯ ಮುಂದೆ ಕುಳಿತವನ ನಿರ್ಣಯವೇ ಆಗಿರಬೇಕು. ಆದರೂ ನಿಮ್ಮ ಶಿಕ್ಷಕರ ಹಟ ನನಗೆ ಒಪ್ಪಿಗೆಯಿಲ್ಲ. ನಮ್ಮ ವೀರೇಶ್ವರ ಪುಣ್ಯಾಶ್ರಮದಂಥಲ್ಲಿ ಮಕ್ಕಳು ಅಲ್ಲೇ ಇದ್ದು ಹಗಲಿರುಳು ಸಾಧನೆ ಮಾಡುತ್ತಾರೆ. ವಾರದಲ್ಲಿ ಒಂದೆರಡು ಅವಧಿ ಸಿಗುವ ಮಕ್ಕಳಿಗೆ ಅದೇ ಭೂಪದಲ್ಲಿ ಒಂದು ವಚನ ಕೂಡಿಸಿಕೊಟ್ಟರೆ ಸ್ವರವೇನೂ ಕೆಡುವುದಿಲ್ಲ. ಇನ್ನೊಂದು ಮಾತು: ಪರೀಕ್ಷೆ ಹತ್ತಿರ ಬಂದ ಕೂಡಲೇ ಸಂಗೀತದ ಅವಧಿಯನ್ನು ಗಣಿತಕ್ಕೆ ಕೊಡುವುದು, ಸಂಗೀತ ಶಿಕ್ಷಕರನ್ನು ಬಿಸಿಯೂಟದ ಲೆಕ್ಕಕ್ಕೆ ಕೂರಿಸುವುದು ನನ್ನ ಸೇವಾವಧಿಯುದ್ದಕ್ಕೂ ನಡೆದದ್ದು, ಅದನ್ನು ಒಬ್ಬ ಪಾಲಕನೂ ಪ್ರಶ್ನಿಸಲಿಲ್ಲ.

ಉತ್ತರ: ಹಾವೇರಿಯಿಂದ

ತೆರಿಗೆಯ ವಾದ ನಿಲ್ಲುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿಲ್ಲದ ನಾನೂ ಬೆಂಕಿಪೊಟ್ಟಣ ಕೊಂಡಾಗಲೆಲ್ಲ ತೆರಿಗೆ ಕಟ್ಟುತ್ತೇನೆ. ನನಗೆ ಗಝಲ್ ಇಷ್ಟವೆಂದು ನಿಮ್ಮ ಮಗಳಿಗೆ ಅದನ್ನೇ ಕಲಿಸಬೇಕೇ? ಹಣದ ಲೆಕ್ಕ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ.

ಪ್ರಶ್ನೆ ಕೇಳಿದವರು

ತೆರಿಗೆಯ ಮಾತನ್ನು ನಾನು ಪೂರ್ತಿ ಬಿಡಲಾರೆ, ಏಕೆಂದರೆ ಆ ಶಾಲೆಯ ಹಾರ್ಮೋನಿಯಂನಲ್ಲಿ ಮಂದ್ರದ ಎರಡು ಸ್ವರಗಳು ಒತ್ತಿದರೆ ಮೇಲೇಳುವುದೇ ಇಲ್ಲ, ಅದರ ರಿಪೇರಿಯ ಹಣವನ್ನು ಯಾರಾದರೂ ಕೇಳಲೇಬೇಕು. ಬರುವ ಸಭೆಯಲ್ಲಿ ಅದನ್ನೂ, ಸಂಗೀತದ ಅವಧಿಗಳು ನಿಜವಾಗಿ ಎಷ್ಟು ನಡೆದಿವೆ ಎಂಬುದನ್ನೂ ಕೇಳುತ್ತೇವೆ. ಭೂಪದ ವಚನದ ಸಲಹೆಯನ್ನು ಸಭೆಯ ಹೊರಗೆ, ಶಿಕ್ಷಕರೊಬ್ಬರೇ ಇದ್ದಾಗ ಹೇಳುವುದು ಒಳ್ಳೆಯದೆನಿಸುತ್ತದೆ.